ತೋಟಗಾರನೂ ಅಲ್ಲ, ವಾಸ್ತುಶಿಲ್ಪಿಯೂ ಅಲ್ಲ: ಒಂದು ವೃತ್ತಿ ತನ್ನ ಹೆಸರು ಹುಡುಕಿದ ಕಥೆ



1865ರ ಆಗಸ್ಟ್ ತಿಂಗಳು. ಅಮೆರಿಕದ ಪಶ್ಚಿಮ ತುದಿಯ ಕ್ಯಾಲಿಫೋರ್ನಿಯದಲ್ಲಿ ಚಿನ್ನದ ಗಣಿಯ ಎಸ್ಟೇಟ್ ಒಂದರ ಮ್ಯಾನೇಜರ್ ಆಗಿದ್ದವರೊಬ್ಬರು ಪೂರ್ವ ತುದಿಯ ನ್ಯೂಯಾರ್ಕಿನಲ್ಲಿದ್ದ ತಮ್ಮ ಹಳೆಯ ಪಾಲುದಾರರಿಗೆ ಒಂದು ಪತ್ರ ಬರೆದರು. ಅದರಲ್ಲೊಂದು ದೂರು ಇತ್ತು. ಅದು ಹಣಕಾಸಿನ ದೂರಲ್ಲ, ಆರೋಗ್ಯದ ದೂರೂ ಅಲ್ಲ. ಇಬ್ಬರೂ ಮಾಡುತ್ತಿದ್ದ ವೃತ್ತಿಗೆ ಇಟ್ಟುಕೊಂಡಿದ್ದ ಹೆಸರಿನ ಬಗೆಗಿನ ದೂರು. 'ಲ್ಯಾಂಡ್‌ಸ್ಕೇಪ್' ಎಂಬ ಮಾತು ಸರಿಯಿಲ್ಲ, 'ಆರ್ಕಿಟೆಕ್ಚರ್' ಎಂಬುದೂ ಸರಿಯಿಲ್ಲ, ಎರಡನ್ನೂ ಜೋಡಿಸಿದರೂ ಸರಿಹೋಗುವುದಿಲ್ಲ, 'ಗಾರ್ಡನಿಂಗ್' ಎಂದರೆ ಇನ್ನೂ ಕೆಟ್ಟದ್ದು. ಆ ಅಳಲಿನ ಸಾರ ಇಷ್ಟು.

ಪತ್ರ ಬರೆದವರು ಫ್ರೆಡ್ರಿಕ್ ಲಾ ಓಮ್‌ಸ್ಟೆಡ್. ಅದನ್ನು ಪಡೆದವರು ಕ್ಯಾಲ್ವರ್ಟ್ ವಾಕ್ಸ್. ನ್ಯೂಯಾರ್ಕ್ ನಗರದ ನಟ್ಟನಡುವೆ ಇಂದು 843 ಎಕರೆ ವಿಸ್ತಾರದಲ್ಲಿ ಹಬ್ಬಿರುವ ಸೆಂಟ್ರಲ್ ಪಾರ್ಕಿಗೆ ರೂಪ ಕೊಟ್ಟ ಜೋಡಿ ಇದು. ಅಂಥ ಕೆಲಸ ಮಾಡಿ ಹೆಸರು ಗಳಿಸಿದವರಿಗೆ ತಮ್ಮ ಕೆಲಸಕ್ಕೇ ಒಂದು ಹೆಸರು ಸಿಗಲಿಲ್ಲವೆಂದರೆ ಆಶ್ಚರ್ಯವಾಗಬಹುದು. ಆದರೆ ಅರ್ಧ ಕಲೆ, ಅರ್ಧ ವಿಜ್ಞಾನ ಆಗಿರುವ ಯಾವುದೇ ಕಸುಬಿನ ಕಷ್ಟವೇ ಇದು. ಹೆಸರೆಂದರೆ ಬರೀ ಫಲಕದ ಮೇಲಿನ ಅಕ್ಷರವಲ್ಲ. ಯಾರು ಯಾರ ಕೈಕೆಳಗೆ ಕೆಲಸ ಮಾಡಬೇಕು, ಯಾರ ಮಾತಿಗೆ ಬೆಲೆ, ಕೊನೆಗೆ ಶ್ರೇಯಸ್ಸು ಯಾರಿಗೆ ಎಂಬುದನ್ನೆಲ್ಲ ಅದು ತೀರ್ಮಾನಿಸಿಬಿಡುತ್ತದೆ. ಈ ಇಬ್ಬರ ಸ್ನೇಹವನ್ನೂ ಅದು ಪರೀಕ್ಷೆಗೆ ಒಡ್ಡಿತು.

ಕಾಡಲ್ಲದ ಕಾಡು

ಮೊದಲು ಆ ಕೆಲಸ ಎಂಥದ್ದೆಂದು ನೋಡಬೇಕು. 1850ರ ದಶಕದಲ್ಲಿ ಪಾರ್ಕಿಗಾಗಿ ಗೊತ್ತುಮಾಡಿದ ಜಾಗ ಬಂಡೆಗಳು ಎದ್ದುನಿಂತಿದ್ದ, ತಗ್ಗುಗಳಲ್ಲಿ ಜವುಗು ತುಂಬಿದ್ದ ನೆಲ. ಅಲ್ಲಿ ಜನವಸತಿಯೂ ಇತ್ತು. ಹೆಚ್ಚಾಗಿ ಕಪ್ಪು ಜನರೇ ಮನೆ, ಚರ್ಚು, ಶಾಲೆ ಕಟ್ಟಿಕೊಂಡು ಬಾಳುತ್ತಿದ್ದ ಸೆನೆಕಾ ವಿಲೇಜ್ ಎಂಬ ಊರನ್ನು ಪಾರ್ಕಿಗಾಗಿ 1857ರಲ್ಲಿ ತೆರವು ಮಾಡಲಾಯಿತು. ಅದೇ ವರ್ಷ ಓಮ್‌ಸ್ಟೆಡ್ ಈ ಜಾಗದ ಸೂಪರಿಂಟೆಂಡೆಂಟ್ ಆಗಿ ಕೆಲಸಕ್ಕೆ ಸೇರಿದರು. ಆಗ ಅವರಿಗೆ 35 ವರ್ಷ. ಅದಕ್ಕೆ ಮೊದಲು ಹಡಗಿನಲ್ಲಿ ಚೀನಾಕ್ಕೆ ಹೋಗಿಬಂದಿದ್ದರು, ಬೇಸಾಯ ಮಾಡಿದ್ದರು, ದಕ್ಷಿಣದ ರಾಜ್ಯಗಳಲ್ಲಿ ಓಡಾಡಿ ಗುಲಾಮಗಿರಿಯ ಬಗ್ಗೆ ಪತ್ರಿಕೆಗೆ ವರದಿ ಬರೆದಿದ್ದರು. ವಾಸ್ತುಶಿಲ್ಪವನ್ನಾಗಲಿ, ಎಂಜಿನಿಯರಿಂಗನ್ನಾಗಲಿ ಕಾಲೇಜಿನಲ್ಲಿ ಓದಿದವರಲ್ಲ.

ವಾಕ್ಸ್ ಹಾಗಲ್ಲ. ಲಂಡನ್ನಿನಲ್ಲಿ ತರಬೇತಿ ಪಡೆದ ವಾಸ್ತುಶಿಲ್ಪಿ. 1850ರಲ್ಲಿ ಅಮೆರಿಕಕ್ಕೆ ಬಂದವರು. ಪಾರ್ಕಿನ ವಿನ್ಯಾಸಕ್ಕೆ ಸ್ಪರ್ಧೆ ಏರ್ಪಡಿಸಬೇಕೆಂದು ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. ಜಾಗದ ಒಳಹೊರಗು ಬಲ್ಲ ಓಮ್‌ಸ್ಟೆಡ್‌ರನ್ನು ಜೊತೆಗೂಡಲು ಕರೆದವರೂ ಅವರೇ. 33 ನಕ್ಷೆಗಳು ಸ್ಪರ್ಧೆಗೆ ಬಂದವು. 1858ರ ಏಪ್ರಿಲ್‌ನಲ್ಲಿ ಇವರಿಬ್ಬರ 'ಗ್ರೀನ್‌ಸ್ವರ್ಡ್' ಯೋಜನೆಗೆ ಮೊದಲ ಬಹುಮಾನ ಬಂತು.

ಆ ಯೋಜನೆಯಲ್ಲಿ ಕಲೆ ಎಲ್ಲಿ ಮುಗಿದು ವಿಜ್ಞಾನ ಎಲ್ಲಿ ಶುರುವಾಗುತ್ತದೆಂದು ಬೆರಳಿಟ್ಟು ತೋರಿಸುವುದು ಕಷ್ಟ. ಈಗ ಜಾಗ ಹೇಗಿದೆ, ಮುಂದೆ ಹೇಗೆ ಕಾಣುತ್ತದೆ ಎಂದು ಪಕ್ಕಪಕ್ಕದಲ್ಲಿ ತೋರಿಸುವ ಚಿತ್ರಗಳು ಅದರಲ್ಲಿದ್ದವು. ಅದು ಚಿತ್ರಕಾರನ ಕಣ್ಣಿನ ಕೆಲಸ. ಆದರೆ ಆ ಚಿತ್ರ ನೆಲದ ಮೇಲೆ ನಿಜವಾಗಬೇಕಾದರೆ ಜವುಗಿನ ನೀರು ಹೊರಗೆ ಹರಿಯಬೇಕು. ಅದಕ್ಕಾಗಿ ಜಾರ್ಜ್ ವೇರಿಂಗ್ ಎಂಬ ಬಸಿಗಾಲುವೆ ತಜ್ಞರ ಉಸ್ತುವಾರಿಯಲ್ಲಿ ನೆಲದಡಿ ಕೊಳವೆಗಳ ಜಾಲ ಹಾಸಲಾಯಿತು. ಮದ್ದಿಟ್ಟು ಬಂಡೆ ಸಿಡಿಸಲಾಯಿತು. ಮಣ್ಣನ್ನು ಗಾಡಿಗಳಲ್ಲಿ ತಂದು ಸುರಿಯಲಾಯಿತು. ಊರಿನ ಗಾಡಿಗಳು ಪಾರ್ಕನ್ನು ಅಡ್ಡ ದಾಟಲು ನಾಲ್ಕು ರಸ್ತೆಗಳು ಬೇಕಾಗಿದ್ದವು. ಅವನ್ನು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿ, ಒಳಗೆ ಅಡ್ಡಾಡುವವರ ಕಣ್ಣಿಗೆ ಬೀಳದಂತೆ ಮಾಡಿದ್ದು ಈ ಜೋಡಿಯ ಜಾಣತನ. ಇಂದು ಸೆಂಟ್ರಲ್ ಪಾರ್ಕಿನಲ್ಲಿ ಕಾಣುವ ಕೆರೆ, ಕೊಳಗಳೆಲ್ಲ ಮನುಷ್ಯರೇ ಮಾಡಿದ್ದು. ನೋಡುವವರಿಗೆ ಮಾತ್ರ ಅವು ಮೊದಲಿನಿಂದ ಅಲ್ಲೇ ಇದ್ದಂತೆ ತೋರುತ್ತವೆ.

ಇಲ್ಲೇ ಇರುವುದು ತೊಡಕು. ಕಟ್ಟಡ ಕಟ್ಟಿದವನ ಕೆಲಸ ಎದ್ದು ಕಾಣುತ್ತದೆ. ಚಿತ್ರಕಾರ ತನ್ನ ಚಿತ್ರದ ಮೂಲೆಯಲ್ಲಿ ರುಜು ಹಾಕುತ್ತಾನೆ. ಇವರ ಕೆಲಸದಲ್ಲಿ ವಿಜ್ಞಾನ ಮಣ್ಣಿನೊಳಗೆ ಹೂತುಹೋಗುತ್ತದೆ, ಕಲೆ ಪ್ರಕೃತಿಯ ಲೆಕ್ಕಕ್ಕೆ ಜಮೆಯಾಗುತ್ತದೆ. ಕೆಲಸ ಚೆನ್ನಾದಷ್ಟೂ ಮಾಡಿದವರು ಮರೆಯಾಗುತ್ತಾರೆ. ಇಂಥ ಕಸುಬಿನವರಿಗೆ ಉಳಿಯುವುದು ಹೆಸರೊಂದೇ. ಆದ್ದರಿಂದಲೇ ಅದು ಅಷ್ಟು ಮುಖ್ಯವಾಯಿತು.

ರೆಪ್ಟನ್ ಅಚ್ಚು ಹಾಕಿಸಿದ ಕಾರ್ಡು

ಹೆಸರಿನ ಹುಡುಕಾಟ ಇವರಿಂದ ಶುರುವಾದದ್ದಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಶ್ರೀಮಂತರ ಎಸ್ಟೇಟುಗಳ ಚಹರೆಯನ್ನೇ ಬದಲಿಸಿದ 'ಕೇಪಬಿಲಿಟಿ' ಬ್ರೌನ್ ಕಾಲದಲ್ಲಿ 'ಜಾಗ ಮಾಡುವವನು' ಎಂಬ ಅರ್ಥದ ಮಾತು ಬಳಕೆಯಲ್ಲಿತ್ತು. ಬ್ರೌನ್ 1783ರಲ್ಲಿ ತೀರಿಕೊಂಡರು. ಐದು ವರ್ಷಗಳ ನಂತರ, 1788ರಲ್ಲಿ, ಬೇರೆ ಕಸುಬುಗಳಲ್ಲಿ ಕೈಸುಟ್ಟುಕೊಂಡಿದ್ದ ಹಂಫ್ರಿ ರೆಪ್ಟನ್ ಎಂಬವರು ಅದೇ ಕೆಲಸಕ್ಕೆ ಇಳಿದರು. ಅವರು ತಮ್ಮನ್ನು 'ಲ್ಯಾಂಡ್‌ಸ್ಕೇಪ್ ಗಾರ್ಡನರ್' ಎಂದು ಕರೆದುಕೊಂಡರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಭೂದೃಶ್ಯದ ತೋಟಗಾರ.

ಲ್ಯಾಂಡ್‌ಸ್ಕೇಪ್ ಎಂಬುದು ಇಂಗ್ಲಿಷಿಗೆ ಚಿತ್ರಕಾರರ ಮಾತಾಗಿ ಬಂದದ್ದು. ನೆಲದ ನೋಟವನ್ನು ಬರೆದ ಚಿತ್ರಕ್ಕೆ ಆ ಹೆಸರು. ಗಾರ್ಡನರ್ ಎಂಬುದು ಗಿಡ, ಮಣ್ಣು, ಗೊಬ್ಬರ ಬಲ್ಲವನಿಗೆ ಸಲ್ಲುವ ಮಾತು. ಎರಡನ್ನೂ ಒಂದಾಗಿಸುವುದು ರೆಪ್ಟನ್ ಉದ್ದೇಶ. ಅವರು ಅಚ್ಚು ಹಾಕಿಸಿದ ವ್ಯವಹಾರದ ಕಾರ್ಡು ಈ ಹೆಸರಿಗಿಂತಲೂ ಸ್ಪಷ್ಟವಾಗಿ ಮಾತಾಡುತ್ತದೆ. ಅದರಲ್ಲಿ ರೆಪ್ಟನ್ ಅಳತೆಯ ದುರ್ಬೀನು ಇಟ್ಟುಕೊಂಡು ಸರ್ವೆ ಮಾಡುತ್ತಿದ್ದಾರೆ. ಹಿಂದೆ ನೀರು, ಮರ, ಚೆಲುವಾದ ನೋಟ. ಒಂದು ಕಡೆ ಆಳುಗಳು ನೆಲ ಅಗೆಯುತ್ತಿದ್ದಾರೆ. ಅಳತೆ, ಚೆಲುವು, ಬೆವರು, ಮೂರೂ ಒಂದೇ ಚಿತ್ರದಲ್ಲಿವೆ.

ಇನ್ನೊಂದು ಹೆಸರು ಹುಟ್ಟಿದ್ದು 1828ರಲ್ಲಿ. ಸ್ಕಾಟ್ಲೆಂಡಿನ ಗಿಲ್ಬರ್ಟ್ ಲೇಯಿಂಗ್ ಮೀಸನ್ ಎಂಬ ಲೇಖಕರು ಇಟಲಿಯ ಚಿತ್ರಕಾರರ ಬಗೆಗಿನ ತಮ್ಮ ಪುಸ್ತಕಕ್ಕೆ 'ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್' ಎಂಬ ಮಾತನ್ನು ಬಳಸಿದರು. ಸ್ವಾರಸ್ಯವೆಂದರೆ ಅವರ ಮನಸ್ಸಿನಲ್ಲಿದ್ದದ್ದು ಉದ್ಯಾನವಲ್ಲ, ಚಿತ್ರಗಳಲ್ಲಿ ಬೆಟ್ಟ, ಮರಗಳ ನಡುವೆ ಕಾಣಿಸುವ ಕಟ್ಟಡ. ಮುಂದೆ ಒಂದು ವೃತ್ತಿಗೇ ಅಂಟಿಕೊಂಡ ಹೆಸರು ಹುಟ್ಟಿದ್ದು ಬೇರೆಯದೇ ಅರ್ಥದಲ್ಲಿ.

ಫ್ರಾನ್ಸಿನಲ್ಲಿ ಇದೇ ಬಗೆಯ ಹೆಸರೊಂದು ಬಳಕೆಗೆ ಬಂದಿತ್ತು. 1859ರಲ್ಲಿ ಓಮ್‌ಸ್ಟೆಡ್ ಯೂರೋಪಿಗೆ ಹೋದಾಗ ಪ್ಯಾರಿಸ್ಸಿನ ಬ್ವಾ ದ ಬೊಲೋನ್ ಉದ್ಯಾನವನ್ನು ಮತ್ತೆಮತ್ತೆ ನೋಡಿದರು. ಮರುವರ್ಷ, 1860ರಲ್ಲಿ, ನ್ಯೂಯಾರ್ಕಿನ 155ನೇ ಬೀದಿಯಿಂದಾಚೆಗಿನ ಪ್ರದೇಶದ ಯೋಜನೆಗೆ ಇಬ್ಬರನ್ನೂ ನೇಮಿಸಿದಾಗ 'ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್' ಎಂಬ ಹೆಸರು ಅವರ ಪಾಲಿಗೆ ಕಾಗದಪತ್ರದಲ್ಲಿ ಬಂತು.

ಮುಖ್ಯಸ್ಥ ಮತ್ತು ಸಹಾಯಕ

ಅಷ್ಟರಲ್ಲಿ ಹೆಸರಿನ ಗಾಯವೊಂದು ಆಗಿಹೋಗಿತ್ತು. ಸ್ಪರ್ಧೆ ಗೆದ್ದ ಮೇಲೆ, 1858ರ ಮೇ ತಿಂಗಳಲ್ಲಿ, ಪಾರ್ಕಿನ ಆಡಳಿತ ಮಂಡಲಿ ಓಮ್‌ಸ್ಟೆಡ್‌ರಿಗೆ 'ಮುಖ್ಯ ವಾಸ್ತುಶಿಲ್ಪಿ' ಎಂಬ ಹುದ್ದೆ ಕೊಟ್ಟಿತು. ವಾಕ್ಸ್ ಅವರಿಗೆ ಸಿಕ್ಕಿದ್ದು ಸಹಾಯಕನ ಸ್ಥಾನ. ಸಮಾನರಾಗಿ ಕೂತು ನಕ್ಷೆ ಬರೆದವರಲ್ಲಿ ವಾಸ್ತುಶಿಲ್ಪ ಕಲಿತವರು ಸಹಾಯಕರು, ಕಲಿಯದವರು ಮುಖ್ಯ ವಾಸ್ತುಶಿಲ್ಪಿ!

ಆಡಳಿತ ಮಂಡಲಿಯ ಲೆಕ್ಕಾಚಾರವೂ ಅರ್ಥವಾಗದ್ದಲ್ಲ. ಅವರಿಗೆ ಬೇಕಾಗಿದ್ದದ್ದು ಸಾವಿರಾರು ಕೂಲಿಗಳನ್ನು ಸಂಭಾಳಿಸುವ ಒಬ್ಬ ಯಜಮಾನ. ಆ ಕೆಲಸದಲ್ಲಿ ಓಮ್‌ಸ್ಟೆಡ್ ಗಟ್ಟಿಗರು. ಹುದ್ದೆಯ ಹೆಸರು ಹೇಳಿದ್ದು ಆಡಳಿತದ ಮೇಲುಕೀಳನ್ನು. ಜನ ಓದಿಕೊಂಡದ್ದು ಕಲೆಯ ಮೇಲುಕೀಳು ಎಂದು. ಪತ್ರಿಕೆಗಳು ಸೆಂಟ್ರಲ್ ಪಾರ್ಕನ್ನು ಓಮ್‌ಸ್ಟೆಡ್ ಒಬ್ಬರದೇ ಸೃಷ್ಟಿ ಎಂಬಂತೆ ಬರೆಯತೊಡಗಿದವು. ವಾಕ್ಸ್ ಅವರಿಗೆ ಮುಂದೆ 'ಸಲಹೆಗಾರ ವಾಸ್ತುಶಿಲ್ಪಿ' ಎಂಬ ಹೆಸರು ದೊರೆತರೂ ನೋವು ಮಾಯಲಿಲ್ಲ.

1863ರ ಮೇ ತಿಂಗಳಲ್ಲಿ ಆಡಳಿತದ ಜಗಳಗಳಿಂದ ಬೇಸತ್ತು ಇಬ್ಬರೂ ರಾಜೀನಾಮೆ ಕೊಟ್ಟರು. ಓಮ್‌ಸ್ಟೆಡ್ ಕ್ಯಾಲಿಫೋರ್ನಿಯದ ಮಾರಿಪೋಸಾ ಗಣಿ ಎಸ್ಟೇಟಿಗೆ ಹೊರಟುಹೋದರು. ಎರಡು ವರ್ಷಗಳ ಬಳಿಕ ಬ್ರೂಕ್ಲಿನ್ನಿನಲ್ಲಿ ಇನ್ನೊಂದು ದೊಡ್ಡ ಪಾರ್ಕಿನ ಕೆಲಸ ವಾಕ್ಸ್ ಅವರ ಕೈಗೆ ಬಂತು. ಒಬ್ಬರೇ ಮಾಡಿ ಹೆಸರು ಗಳಿಸಬಹುದಾಗಿತ್ತು. ಆದರೆ ಅವರು ಹಳೆಯ ಪಾಲುದಾರರಿಗೆ ಪತ್ರದ ಮೇಲೆ ಪತ್ರ ಬರೆದು ವಾಪಸು ಬರುವಂತೆ ಕರೆದರು. ಆ ಪತ್ರಗಳಲ್ಲಿ ಸ್ನೇಹವೂ ಇದೆ, ಹಳೆಯ ಸಿಟ್ಟೂ ಇದೆ. ಇದು ಕಲೆ, ಇಬ್ಬರೂ ಕಲಾವಿದರಾಗಿ ಸರಿಸಮ ನಿಲ್ಲಬೇಕು, ಆಡಳಿತದ ದೊಡ್ಡ ಹುದ್ದೆಗಳ ಮೋಹ ಬೇಡ ಎಂಬುದು ಅವರ ವಾದ. 1865ರ ಜುಲೈನಲ್ಲಿ ಸೆಂಟ್ರಲ್ ಪಾರ್ಕಿನ ಮಂಡಲಿ ಇಬ್ಬರನ್ನೂ ಮತ್ತೆ ನೇಮಿಸಿತು. ಈ ಸಲ ಇಬ್ಬರಿಗೂ ಒಂದೇ ಹೆಸರು: ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ಸ್.

ವಾಕ್ಸ್ ಪಾಲಿಗೆ ಆ ಹೆಸರು ಸಮಾನತೆಯ ಪತ್ರವಾಗಿತ್ತು. ಓಮ್‌ಸ್ಟೆಡ್ ಅದನ್ನು ಕಂಡದ್ದು ಬೇರೆ ರೀತಿ. ಆರಂಭದಲ್ಲಿ ಹೇಳಿದ ಪತ್ರ ಬಂದದ್ದು ಈ ಹೊತ್ತಿನಲ್ಲೇ. ಆಗ ಅವರು ಯೊಸೆಮಿಟಿ ಕಣಿವೆಯನ್ನು ಜನರಿಗಾಗಿ ಹೇಗೆ ಕಾಪಾಡಬೇಕೆಂಬ ವರದಿ ಸಿದ್ಧಪಡಿಸುತ್ತಿದ್ದರು. ಮಳೆಯೇ ಇಲ್ಲದ ಬೇಸಿಗೆಯ ನೆಲದಲ್ಲಿ ಒಂದು ರುದ್ರಭೂಮಿಗೂ ಒಂದು ಕಾಲೇಜಿಗೂ ಯೋಜನೆ ಹಾಕುತ್ತಿದ್ದರು. ಅಲ್ಲಿ ಹೂವಿನ ಪಾತಿಯೂ ಇಲ್ಲ, ಅರಮನೆಯ ಕಂಬವೂ ಇಲ್ಲ. ಅದು ತೋಟಗಾರಿಕೆಯಲ್ಲ, ವಾಸ್ತುಶಿಲ್ಪವೂ ಅಲ್ಲ, ಒಂದು ಬಗೆಯ ವನಕಲೆ ಎಂದು ಅವರಿಗೆ ತೋಚಿತು. ಹೊಸ ಕಲೆಯನ್ನು ನೆಲೆಗೊಳಿಸಬೇಕಾದರೆ ಹಳೆಯ ಹೆಸರು ಹೊಂದುವುದಿಲ್ಲ ಎಂಬುದು ಅವರ ಆಕ್ಷೇಪ.

ಇಪ್ಪತ್ತೊಂದು ವರ್ಷಗಳ ನಂತರ

ಓಮ್‌ಸ್ಟೆಡ್ ಮರಳಿ ಬಂದರು. ಇಬ್ಬರ ಸಂಸ್ಥೆ 1872ರವರೆಗೆ ನಡೆಯಿತು. ಬ್ರೂಕ್ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕ್ ಅದರ ದೊಡ್ಡ ಸಾಧನೆ. ನಂತರ ಇಬ್ಬರೂ ಬೇರೆಯಾದರು. ಆಮೇಲೆ ಓಮ್‌ಸ್ಟೆಡ್ ಬಾಸ್ಟನ್ನಿನಲ್ಲಿ ಕೊಳಚೆ ನೀರು ನಿಂತು ನಾರುತ್ತಿದ್ದ, ಸಮುದ್ರದ ಉಬ್ಬರವಿಳಿತಕ್ಕೆ ಸಿಕ್ಕ ಜವುಗನ್ನು ಹತೋಟಿಗೆ ತರುವ ಕೆಲಸ ಕೈಗೆತ್ತಿಕೊಂಡರು. ಹೊರಗಿನಿಂದ ನೋಡಿದರೆ ಹುಲ್ಲು, ಪೊದೆ ಮತ್ತು ಅಂಕುಡೊಂಕಾದ ನೀರು. ಒಳಗೆ ಅದು ಪ್ರವಾಹ ತಡೆಯುವ, ಆರೋಗ್ಯ ಕಾಯುವ ಎಂಜಿನಿಯರಿಂಗ್. ಅದನ್ನು ಪಾರ್ಕ್ ಎಂದರೆ ತಪ್ಪು ಕಲ್ಪನೆ ಬರುತ್ತದೆಂದು ಜವುಗು ನೆಲ ಎಂಬ ಅರ್ಥದ 'ಫೆನ್ಸ್' ಎಂಬ ಹೆಸರನ್ನೇ ಅವರು ಬಯಸಿದರು.

ಹೆಸರುಗಳ ಬಗ್ಗೆ ಇಷ್ಟು ಸೂಕ್ಷ್ಮವಾಗಿದ್ದವರು ತಮ್ಮ ವೃತ್ತಿಯ ಹೆಸರಿನ ಬಗ್ಗೆ ಕೊನೆಗೆ ಏನು ಮಾಡಿದರು? 1886ರಲ್ಲಿ ತಮ್ಮ ಶಿಷ್ಯ ಚಾರ್ಲ್ಸ್ ಎಲಿಯಟ್‌ಗೆ ಬರೆದ ಪತ್ರದಲ್ಲಿ ಉತ್ತರವಿದೆ. ನಾವು ತೋಟಗಾರರೆಂದು ಕರೆದುಕೊಳ್ಳುವುದಕ್ಕಿಂತ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವುದೇ ಮೇಲು ಎಂದು ಅವರು ಬರೆದರು. ತೋಟಗಾರ ಎಂದರೆ ಬಡಗಿ, ಗಾರೆಯವನಂತೆ ಕೈಯಲ್ಲಿ ಕೆಲಸ ಮಾಡುವವನೂ ಸೇರುತ್ತಾನೆ. ಆರ್ಕಿಟೆಕ್ಟ್ ಎಂದರೆ ವಿನ್ಯಾಸಕ್ಕೆ ಮೊದಲ ಸ್ಥಾನ. ಆ ಮಾತು ಕೇಳಿದರೆ ಕೆಲಸ ಕೊಡುವವರು ವೃತ್ತಿಯ ರೀತಿನೀತಿಗೆ ತಕ್ಕಂತೆ ನಡೆದುಕೊಳ್ಳಲು ಸಿದ್ಧರಾಗುತ್ತಾರೆ. ಇದು ಅವರ ವಾದ.

ಗಮನಿಸಬೇಕಾದ ಸಂಗತಿಯೊಂದಿದೆ. ಆ ಹೆಸರು ಕೆಲಸವನ್ನು ಸರಿಯಾಗಿ ವರ್ಣಿಸುತ್ತದೆಂದು ಅವರು ಈಗಲೂ ಹೇಳಲಿಲ್ಲ. ಕೇಳುವವರ ಮನಸ್ಸಿನಲ್ಲಿ ಅದು ಮಾಡುವ ಕೆಲಸ ಸರಿಯಾಗಿದೆ ಎಂದರು. 43ನೆಯ ವಯಸ್ಸಿನಲ್ಲಿ ಅವರು ಹೆಸರಿನಲ್ಲಿ ಹುಡುಕಿದ್ದು ಸತ್ಯವನ್ನು, 64ರಲ್ಲಿ ಹುಡುಕಿದ್ದು ಉಪಯೋಗವನ್ನು. ಈ ಉಪಯೋಗಕ್ಕೊಂದು ಬೆಲೆಯೂ ಇತ್ತು. ರೆಪ್ಟನ್ ಕಾರ್ಡಿನಲ್ಲಿ ಒಟ್ಟಿಗೆ ಇದ್ದ ಅಳೆಯುವವನೂ ಅಗೆಯುವವನೂ ಇಲ್ಲಿ ಬೇರೆಬೇರೆಯಾದರು. ಸೆಂಟ್ರಲ್ ಪಾರ್ಕಿನ ಸಸ್ಯಗಳನ್ನು ಆರಿಸಿ ನೆಡಿಸಿದ ಆಸ್ಟ್ರಿಯದ ಇಗ್ನಾಜ್ ಪಿಲಾಟ್ ಹೆಸರು ಇಂದು ಎಷ್ಟು ಜನರಿಗೆ ಗೊತ್ತು? ಅವರು ಕೊನೆಯವರೆಗೂ ತೋಟಗಾರರ ಸಾಲಿನಲ್ಲೇ ಉಳಿದರು.

1899ರ ಜನವರಿಯಲ್ಲಿ ಈ ವೃತ್ತಿಯ ಹನ್ನೊಂದು ಮಂದಿ ನ್ಯೂಯಾರ್ಕಿನಲ್ಲಿ ಸೇರಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರ ಸಂಘ ಸ್ಥಾಪಿಸಿದರು. ಓಮ್‌ಸ್ಟೆಡ್ ಮನೆತನದ ಇಬ್ಬರೂ ವಾಕ್ಸ್ ಅವರ ಮಗನೂ ಅದರಲ್ಲಿದ್ದರು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಶಿಕ್ಷಣ ಶುರುವಾಯಿತು. ಆದರೆ ಆ ಹನ್ನೊಂದು ಮಂದಿಯಲ್ಲಿದ್ದ ಏಕೈಕ ಮಹಿಳೆ ಬಿಯಾಟ್ರಿಕ್ಸ್ ಜೋನ್ಸ್, ಮುಂದೆ ಬಿಯಾಟ್ರಿಕ್ಸ್ ಫರಾಂಡ್ ಎಂದು ಖ್ಯಾತರಾದವರು, ತಮ್ಮನ್ನು 'ಲ್ಯಾಂಡ್‌ಸ್ಕೇಪ್ ಗಾರ್ಡನರ್' ಎಂದೇ ಕರೆದುಕೊಂಡರು. ಸಂಘದ ಸ್ಥಾಪಕಿಯೇ ಸಂಘದ ಹೆಸರನ್ನು ತಮ್ಮ ಹೆಸರಿನ ಪಕ್ಕ ಬರೆದುಕೊಳ್ಳಲಿಲ್ಲ!

ಕಾನೂನಿನ ಪುಸ್ತಕದಲ್ಲೊಂದು ಸಾಲು

ಇದೆಲ್ಲ ದೂರದ ದೇಶದ ಮಾತೆನ್ನಿಸಬಹುದು. ಆದರೆ ಆ ಹೆಸರು ನಮ್ಮ ದೇಶದ ಕಾನೂನಿನೊಳಗೂ ಬಂದು ಕೂತಿದೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದವರು 'ಆರ್ಕಿಟೆಕ್ಟ್' ಎಂಬ ಹೆಸರು ಹಾಕಿಕೊಳ್ಳುವಂತಿಲ್ಲ. ಅದಕ್ಕೆ ವಿನಾಯಿತಿ ಪಡೆದವರಲ್ಲಿ ಇಬ್ಬರು, ಹಡಗಿನ ವಿನ್ಯಾಸ ಮಾಡುವ 'ನೇವಲ್ ಆರ್ಕಿಟೆಕ್ಟ್' ಮತ್ತು 'ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್'. ಗಿಡ, ಮರ, ಭೂದೃಶ್ಯಕ್ಕೆ ಸಂಬಂಧಿಸಿದ ಬಯಲು ಜಾಗಗಳ ವಿನ್ಯಾಸ ಮಾಡುವವರು ಎಂದು ಕಾಯ್ದೆ ಅವರನ್ನು ವಿವರಿಸುತ್ತದೆ.

ಇದೇ ಸೆಕ್ಷನ್ನಿನ ಬಗ್ಗೆ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನೋಯ್ಡಾ ಪ್ರಾಧಿಕಾರದ ಹುದ್ದೆಯೊಂದರ ಹೆಸರು ಅಲ್ಲಿ ವಿವಾದಕ್ಕೆ ಬಂದಿತ್ತು. ಕಾಯ್ದೆ ಕಾಪಾಡುವುದು ಹೆಸರನ್ನು, ಕೆಲಸವನ್ನಲ್ಲ ಎಂದು ನ್ಯಾಯಾಲಯ ಹೇಳಿತು. ನೋಂದಣಿ ಇಲ್ಲದವರು ಆ ಬಗೆಯ ಕೆಲಸ ಮಾಡಬಹುದು, ಆದರೆ ಅವರ ಹುದ್ದೆಗೆ 'ಆರ್ಕಿಟೆಕ್ಟ್' ಎಂಬ ಪದ ಸೇರಿಸುವಂತಿಲ್ಲ. ಹೆಸರಿಗೆ ಕೆಲಸಕ್ಕಿಂತ ಬಿಗಿಯಾದ ಬೇಲಿ ಎಂದಾಯಿತು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2008ರ ತನ್ನ ಉದ್ಯೋಗಗಳ ಪಟ್ಟಿಯಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರಿಗೆ 2162 ಎಂಬ ಸಂಖ್ಯೆ ಕೊಟ್ಟು ವಿಜ್ಞಾನ ಮತ್ತು ಎಂಜಿನಿಯರಿಂಗ್ ವೃತ್ತಿಗಳ ಗುಂಪಿನಲ್ಲಿ ಇಟ್ಟಿದೆ. ತೋಟಗಾರರು ಸಿಗುವುದು 6113ರಲ್ಲಿ, ಬೇಸಾಯ ಮತ್ತು ಮೀನುಗಾರಿಕೆಯವರ ಗುಂಪಿನಲ್ಲಿ. ಒಂದೇ ನೆಲದ ಮೇಲೆ ನಿಂತವರ ನಡುವೆ ಹೆಸರು ಹಾಕಿರುವ ಅಂತರ ಇದು.

ಬೆಂಗಳೂರಿನಲ್ಲಿ ಈ ಹೆಸರಿಲ್ಲದೆಯೇ ಇಂಥ ಕೆಲಸ ನಡೆದಿದೆ. 1870ರಲ್ಲಿ ಕಬ್ಬನ್ ಪಾರ್ಕ್ ರೂಪಿಸಿದ ರಿಚರ್ಡ್ ಸ್ಯಾಂಕಿ ಮಿಲಿಟರಿ ಎಂಜಿನಿಯರ್. 1908ರಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತ ಜರ್ಮನಿಯ ಜಿ.ಎಚ್. ಕೃಂಬಿಗಲ್ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದವರು. ಅವರ ಹುದ್ದೆ ಸೂಪರಿಂಟೆಂಡೆಂಟ್. ಒಂದು ಜಾತಿಯ ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಬೀದಿಬೀದಿಗೆ ಸಾಲುಮರ ಆರಿಸಿದ ಯೋಜನೆಯನ್ನು ಊರು ಅವರ ಹೆಸರಿನೊಡನೆ ನೆನೆಯುತ್ತದೆ. ಯಾವ ಮರ ಯಾವ ಮಣ್ಣಿಗೆ, ಯಾವ ತಿಂಗಳಿಗೆ ಎಂಬುದು ಸಸ್ಯವಿಜ್ಞಾನ. ವರ್ಷವಿಡೀ ಬೀದಿಗೆ ಬಣ್ಣ ಬಳಿಯುವುದು ಕಲೆ. 'ಸೂಪರಿಂಟೆಂಡೆಂಟ್' ಎಂಬ ಮಾತಿನಲ್ಲಿ ಎರಡರ ಸುಳಿವೂ ಇಲ್ಲ. ಕೃಂಬಿಗಲ್ 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಲಾಲ್‌ಬಾಗ್ ಪಕ್ಕದ ರಸ್ತೆಯೊಂದು ಅವರ ಹೆಸರು ಹೊತ್ತಿದೆ.

ಕನ್ನಡದಲ್ಲಿ ಈ ವೃತ್ತಿಗೆ 'ಭೂದೃಶ್ಯ ವಾಸ್ತುಶಿಲ್ಪಿ' ಎಂಬ ಮಾತು ಪುಸ್ತಕದಲ್ಲುಂಟು, ಬೀದಿಯಲ್ಲಿಲ್ಲ. ಇಂಗ್ಲಿಷ್ ಹೆಸರಿನ ಎರಡೂ ಹೋಳುಗಳನ್ನು ಹಾಗೆಯೇ ಕನ್ನಡಿಸಿದ್ದರಿಂದ, 1865ರ ಪತ್ರದ ಆಕ್ಷೇಪ ಅದಕ್ಕೂ ತಪ್ಪದೆ ಅನ್ವಯಿಸುತ್ತದೆ.

ಇಂದು ಕಲೆ, ವಿಜ್ಞಾನ ಬೆರೆತ ಹೊಸ ಕಸುಬುಗಳಿಗೆ ಕಾಲಿಡುತ್ತಿರುವ ಯುವಕ ಯುವತಿಯರು ತಮ್ಮನ್ನು ಏನೆಂದು ಕರೆದುಕೊಳ್ಳಬೇಕೆಂದು ತಡಕಾಡುತ್ತಾರೆ. ಅವರಿಗೆ ಈ ಕಥೆಯಲ್ಲಿ ಧೈರ್ಯದ ಮಾತಿದೆ. ಓಮ್‌ಸ್ಟೆಡ್‌ರಿಗೆ ಒಪ್ಪುವ ಹೆಸರು ಕೊನೆಗೂ ಸಿಗಲಿಲ್ಲ. ಒಪ್ಪದ ಹೆಸರಿಗೆ ಅವರ ಕೆಲಸವೇ ಅರ್ಥ ತುಂಬಿತು. ಎಚ್ಚರಿಕೆಯ ಮಾತೂ ಇದೆ. ಹೆಸರನ್ನು ಆರಿಸುವಾಗ ತನ್ನ ಜಾಣ್ಮೆಯ ಯಾವ ಭಾಗ ಅದರಲ್ಲಿ ಬಿಟ್ಟುಹೋಯಿತು ಎಂಬುದರ ಜೊತೆಗೆ, ಪಕ್ಕದಲ್ಲಿ ನಿಂತವರಲ್ಲಿ ಯಾರು ಬಿಟ್ಟುಹೋದರು ಎಂಬುದನ್ನೂ ನೋಡಬೇಕು.

ವಾಕ್ಸ್ 1895ರ ನವೆಂಬರ್‌ನಲ್ಲಿ ಬ್ರೂಕ್ಲಿನ್ನಿನ ಕಡಲತೀರದ ನೀರಿನಲ್ಲಿ ಮುಳುಗಿ ತೀರಿಕೊಂಡರು. ಓಮ್‌ಸ್ಟೆಡ್ ನೆನಪಿನ ಶಕ್ತಿ ಕಳೆದುಕೊಂಡು 1903ರಲ್ಲಿ ಆಸ್ಪತ್ರೆಯಲ್ಲಿ ನಿಧನರಾದರು. ಆ ಆಸ್ಪತ್ರೆಯ ಆವರಣಕ್ಕೆ ಹಿಂದೊಮ್ಮೆ ಸಲಹೆ ಕೊಟ್ಟವರೂ ಅವರೇ. ಸೆಂಟ್ರಲ್ ಪಾರ್ಕಿನ ಹುಲ್ಲಿನ ಮೇಲೆ ಮಕ್ಕಳು ಇಂದಿಗೂ ಓಡುತ್ತಾರೆ. ಕೆಳಗೆ ಕೊಳವೆಗಳಿವೆ, ಪಕ್ಕದ ತಗ್ಗಿನಲ್ಲಿ ವಾಹನಗಳು ಹರಿಯುತ್ತಿವೆ ಎಂಬುದು ಆ ಮಕ್ಕಳಿಗೆ ತಿಳಿಯದು. ಆ ಹುಲ್ಲನ್ನು ಅಲ್ಲಿ ಹಾಸಿದವರನ್ನು ಏನೆಂದು ಕರೆಯಬೇಕೆಂಬುದೂ ಅವರಿಗೆ ಬೇಕಾಗಿಲ್ಲ.